ಮೇಲಿನವರ ನೆಲ, ಕೆಳಗಿನವರ ಸೂರು

ಸುಳ್ಯ, ಪುತ್ತೂರು, ಕಡಬ ತಾಲೂಕುಗಳ ಸಹಕಾರ ಸಂಘಗಳ ಆಡಳಿತ ಮಂಡಳಿಯವರಿಗೆ, ಜೊತೆಗೆ ಅಂಗಡಿ ಕಟ್ಟಡ, ಸಭಾಭವನ, ಸಣ್ಣ ಫ್ಯಾಕ್ಟರಿ ಕಟ್ಟಿಸಲು ಹೊರಟಿರುವ ಎಲ್ಲ ಅಣ್ಣಂದಿರಿಗೆ, ಅಕ್ಕಂದಿರಿಗೆ ಆಲೆಟ್ಟಿಯಿಂದ ನಮಸ್ಕಾರ.

ನಮ್ಮ ಮೂರೂ ತಾಲೂಕುಗಳಲ್ಲಿ ಈಗ ಏಳುತ್ತಿರುವ ಕಟ್ಟಡಗಳ ಅಚ್ಚು ಹೆಚ್ಚುಕಡಿಮೆ ಒಂದೇ. ಕೆಳಗೆ ಬ್ಯಾಂಕಿಂಗ್ ಕೌಂಟರು, ಪಕ್ಕದಲ್ಲಿ ಗೊಬ್ಬರದ ಗೋಡೌನು, ರಸ್ತೆಯ ಬದಿಗೆ ಬಾಡಿಗೆ ಬರಲೆಂದು ನಾಲ್ಕೈದು ಅಂಗಡಿ ಕೋಣೆ. ಮೇಲೆ ಸಭಾಭವನ, ಒಂದೆರಡು ಕಚೇರಿ, ಕೆಲವು ಕಡೆ ಟ್ಯೂಷನ್ ಕ್ಲಾಸು ಅಥವಾ ಜಿಮ್ಮು. ನೆಲಕ್ಕೆ ಎಂತ ಹಾಕುವುದು ಎಂಬ ಚರ್ಚೆಯೇ ಇಲ್ಲ, ದೊಡ್ಡ ಅಳತೆಯ ವಿಟ್ರಿಫೈಡ್ ಟೈಲ್ಸ್. ಉದ್ಘಾಟನೆಯ ದಿನ ಬಂದ ಗಣ್ಯರ ಮುಖ ನೆಲದಲ್ಲಿ ಕಾಣುತ್ತದೆ. ಮರುದಿನ ಮೇಲೆ ಯಾರೋ ಕುರ್ಚಿ ಎಳೆಯುತ್ತಾರೆ, ಕೆಳಗೆ ನೋಟು ಎಣಿಸುತ್ತಿದ್ದವರು ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸುತ್ತಾರೆ.

ಇಂಥ ಕಟ್ಟಡದ ಎಸ್ಟಿಮೇಟನ್ನು ತೆಗೆದು ನೋಡಿ. ಟೈಲ್ಸಿಗೆ ಒಂದು ಸಾಲು, ಪೈಂಟಿಗೆ ಒಂದು, ಎಲಿವೇಷನ್ನಿಗೆ ಒಂದು, ಹೆಸರಿನ ಬೋರ್ಡಿಗೂ ಒಂದು ಸಾಲು ಉಂಟು. ಸದ್ದಿಗೆ ಮಾತ್ರ ಒಂದು ಪೈಸೆಯೂ ಇಲ್ಲ. ಲೈಸೆನ್ಸು ಕೊಡುವಾಗ ಸೆಟ್‌ಬ್ಯಾಕ್ ಎಷ್ಟು ಬಿಟ್ಟಿದ್ದೀರಿ ಎಂದು ಕೇಳಿಯಾರು, ಮೇಲಿನ ನೆಲದ ಸದ್ದು ಕೆಳಗೆಷ್ಟು ಇಳಿಯುತ್ತದೆ ಎಂದು ಕೇಳಲಿಕ್ಕಿಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಎಂಟನೇ ಭಾಗದಲ್ಲಿ ಶಬ್ದ ನಿಯಂತ್ರಣಕ್ಕೇ ಒಂದು ಪ್ರಕರಣ ಇದೆ. ಆದರೆ ಅದು ಮಾರ್ಗದರ್ಶಿ. ಸ್ಥಳೀಯ ಸಂಸ್ಥೆಯ ಬೈಲಾದೊಳಗೆ ಸೇರಿದರೆ ಮಾತ್ರ ಕಡ್ಡಾಯ. ಹಾಗಾಗಿ ಈ ಮಾತನ್ನು ಕಟ್ಟಿಸುವವರ ಹತ್ತಿರವೇ ಆಡಬೇಕು. ನಾನು ಕಟ್ಟಡಗಳ ಒಳಕೆಲಸ ನೋಡಿಕೊಂಡು ಬದುಕುವವ, ಟೈಲ್ಸ್ ಹಾಕಿಸಿಯೇ ಉಣ್ಣುವವ. ಟೈಲ್ಸಿನ ಮೇಲೆ ನನಗೆ ಹಗೆಯೇನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಸದ್ದಿನಲ್ಲಿ ಎರಡು ಜಾತಿ. ಇದು ತಲೆಗೆ ಹೋದರೆ ಅರ್ಧ ಕೆಲಸ ಮುಗಿದ ಹಾಗೆ. ಮೇಲಿನ ಹಾಲ್‌ನಲ್ಲಿ ಸಂಜೆ ಯಕ್ಷಗಾನ ತರಗತಿ ನಡೆಯುತ್ತಿದೆ ಎಂದುಕೊಳ್ಳಿ. ಭಾಗವತರ ಪದ, ಚೆಂಡೆಯ ಪೆಟ್ಟು ಗಾಳಿಯಲ್ಲಿ ಹರಡುತ್ತವೆ. ಆರು ಇಂಚಿನ ಕಾಂಕ್ರೀಟ್ ಸ್ಲ್ಯಾಬು ತನ್ನ ತೂಕದಿಂದಲೇ ಅದನ್ನು ಸಾಕಷ್ಟು ತಡೆಯುತ್ತದೆ. ಕೆಳಗಿನವರಿಗೆ ಚೆಂಡೆ ಕೇಳಿಸಿದರೆ ಅದು ಹೆಚ್ಚಾಗಿ ಕಿಟಕಿಯಿಂದ, ಮೆಟ್ಟಿಲಿನ ದಾರಿಯಿಂದ ಇಳಿದು ಬಂದದ್ದು. ಆದರೆ ಹುಡುಗರು ದಿಗಿಣ ಹಾಕುವಾಗ ಕಾಲು ನೇರವಾಗಿ ಸ್ಲ್ಯಾಬಿಗೇ ಬಡಿಯುತ್ತದೆ. ಇಲ್ಲಿ ಗಾಳಿಯ ಹಂಗೇ ಇಲ್ಲ. ಇಡೀ ಸ್ಲ್ಯಾಬು ನಡುಗಿ, ಕೆಳಗಿನ ಕೋಣೆಯ ಸೂರೇ ಸದ್ದು ಮಾಡುತ್ತದೆ. ಮಾತನ್ನು ಅಷ್ಟು ಚೆನ್ನಾಗಿ ತಡೆಯುವ ಅದೇ ಕಾಂಕ್ರೀಟು ಪೆಟ್ಟಿನ ಸದ್ದಿಗೆ ಹೆದ್ದಾರಿ. ಸ್ಲ್ಯಾಬನ್ನು ಇನ್ನೂ ಒಂದು ಇಂಚು ದಪ್ಪ ಮಾಡಿದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ. ಪೆಟ್ಟು ಕಾಂಕ್ರೀಟಿಗೆ ತಲುಪುವ ಮೊದಲೇ ಅದನ್ನು ಮೆತ್ತಗೆ ಮಾಡಬೇಕು, ಬೇರೆ ದಾರಿ ಇಲ್ಲ. ನೆಲದ ಹಾಸಿನ ಕೆಲಸ ಅದು.

ಇದನ್ನು ಅಳೆಯಲು ಪ್ರಯೋಗಾಲಯಗಳಲ್ಲಿ ಒಂದು ಬಡಿಯುವ ಯಂತ್ರ ಇರುತ್ತದೆ. ಅರ್ಧ ಅರ್ಧ ಕಿಲೋ ತೂಕದ ಐದು ಸುತ್ತಿಗೆಗಳು 4 ಸೆಂಟಿಮೀಟರ್ ಎತ್ತರದಿಂದ ಸೆಕೆಂಡಿಗೆ ಹತ್ತು ಪೆಟ್ಟಿನಂತೆ ನೆಲಕ್ಕೆ ಬೀಳುತ್ತವೆ. ಕೆಳಗಿನ ಕೋಣೆಯಲ್ಲಿ ಮೈಕ್ ಇಟ್ಟು ಸದ್ದು ದಾಖಲಿಸುತ್ತಾರೆ. ಬರಿ ಕಾಂಕ್ರೀಟ್ ಸ್ಲ್ಯಾಬಾದರೆ ಆ ಅಂಕಿ ಸುಮಾರು 75ರಿಂದ 80 ಡೆಸಿಬೆಲ್. ಸ್ಲ್ಯಾಬಿಗೆ ಸಿಮೆಂಟಿನಲ್ಲಿ ನೇರ ಅಂಟಿಸಿದ ವಿಟ್ರಿಫೈಡ್ ಟೈಲಾಗಲಿ, ಗ್ರಾನೈಟಾಗಲಿ ಇದನ್ನು ಇಳಿಸುವುದು ಇಲ್ಲವೆನ್ನುವಷ್ಟು ಕಡಿಮೆ. ಎರಡು ಮಿಲಿಮೀಟರಿನ ಸಾದಾ ವಿನೈಲ್ ಹಾಸಿದರೆ ನಾಲ್ಕೈದು ಡೆಸಿಬೆಲ್ ಇಳಿದೀತು. ಮೂರು ಮಿಲಿಮೀಟರ್ ರಬ್ಬರ್ ಹಾಸು ಇನ್ನೂ ಸ್ವಲ್ಪ ಹೆಚ್ಚು. ಅಡಿಯಲ್ಲಿ ಫೋಮ್ ಪದರ ಇರುವ ರಬ್ಬರು ಅಥವಾ ಅಕೌಸ್ಟಿಕ್ ವಿನೈಲ್ ಆದರೆ 15ರಿಂದ 20ರವರೆಗೆ ಇಳಿಸುತ್ತದೆ. ದಪ್ಪ ಕಾರ್ಪೆಟ್ ಅದಕ್ಕೂ ಮೇಲೆ. ಹತ್ತು ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಸರಿಸುಮಾರು ಅರ್ಧಕ್ಕೆ ಇಳಿದ ಹಾಗೆ ಕೇಳಿಸುತ್ತದೆ. ಇಪ್ಪತ್ತು ಇಳಿದರೆ ಕಾಲುಭಾಗ. ನೆಲದ ಮೇಲೆ ನಾಲ್ಕೈದು ಮಿಲಿಮೀಟರಿನ ಪದರವೊಂದು ಮಾಡುವ ಕೆಲಸ ಇದು. ಸಣ್ಣದಲ್ಲ.

ಇಲ್ಲಿಗೆ ಬಂದಾಗ ನನಗೆ ಸ್ವಲ್ಪ ನಗು ಬರುತ್ತದೆ, ಸ್ವಲ್ಪ ಬೇಸರವೂ. ನಮ್ಮ ಸುತ್ತಲಿನ ಗುಡ್ಡಗಳಲ್ಲಿ ಎಂತ ಬೆಳೆಯುತ್ತದೆ? 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು ಭಾಗದ ಸರ್ಕಾರಿ ರಬ್ಬರ್ ತೋಟಗಳೇ ಅನ್ನದ ದಾರಿಯಾದವು. 1971ರಲ್ಲಿ ಹುಟ್ಟಿದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಆ ತೋಟಗಳನ್ನು ನಡೆಸಿಕೊಂಡು ಬಂದಿದೆ. ಆಚೆ ಕೇರಳದಿಂದ ಬಂದು ನೆಲೆಸಿದವರೂ ನೆಟ್ಟರು, ಅವರನ್ನು ನೋಡಿ ನಮ್ಮ ಅಡಿಕೆಯವರೂ ಗುಡ್ಡೆಗೆ ರಬ್ಬರ್ ಹಾಕಿದರು. ಬೆಳಕು ಹರಿಯುವ ಮೊದಲೇ ಹಣೆಗೆ ಲೈಟು ಕಟ್ಟಿಕೊಂಡು ಟ್ಯಾಪಿಂಗಿಗೆ ಹೋಗುವವರು, ಚಿಪ್ಪು ತುಂಬುವ ಹಾಲು, ಫಾರ್ಮಿಕ್ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ ರೋಲರಿಗೆ ಕೊಟ್ಟ ಶೀಟು, ಹೊಗೆಗೂಡಿನ ವಾಸನೆ, ಇದೆಲ್ಲ ನಮ್ಮ ಮಕ್ಕಳಿಗೂ ಗೊತ್ತು. ಆ ಶೀಟು ಗಾಡಿ ಹತ್ತಿ ಹೋಗುತ್ತದೆ, ದೇಶದ ಸಹಜ ರಬ್ಬರಿನ ಬಹುಪಾಲು ಟಯರಾಗುತ್ತದೆ. ಇತ್ತ ನಾವು ಗಾಡಿ ಕಟ್ಟಿಸಿ ಗುಜರಾತಿನ ಮೋರ್ಬಿಯಿಂದ ಟೈಲ್ಸ್ ತರಿಸಿ, ಅದರ ಮೇಲೆ ಕುರ್ಚಿ ಎಳೆದು ಕೆಳಗಿನವರ ತಲೆ ತಿನ್ನುತ್ತೇವೆ.

ರಬ್ಬರಿನ ನೆಲ ಹೊಸತೇನಲ್ಲ. ಅಮೆರಿಕದ ಫಿಲಡೆಲ್ಫಿಯಾದ ವಾಸ್ತುಶಿಲ್ಪಿ ಫ್ರಾಂಕ್ ಫರ್ನೆಸ್ ಒಂದಕ್ಕೊಂದು ಕಚ್ಚಿಕೊಳ್ಳುವ ರಬ್ಬರ್ ಟೈಲುಗಳಿಗೆ 1894ರಲ್ಲೇ ಪೇಟೆಂಟ್ ಪಡೆದಿದ್ದ. ಇವತ್ತು ಆಸ್ಪತ್ರೆಯ ಕಾರಿಡಾರು, ವಿಮಾನ ನಿಲ್ದಾಣ, ಗ್ರಂಥಾಲಯಗಳಲ್ಲಿ ಹಾಸುವ ರಬ್ಬರಿನಲ್ಲಿ ಕೃತಕ ರಬ್ಬರೂ, ಖನಿಜದ ಪುಡಿಯೂ ಬೆರೆತಿರುತ್ತದೆ. ನಮ್ಮ ಶೀಟನ್ನು ಹಾಗೆಯೇ ನೆಲಕ್ಕೆ ಹಾಸಿದರೆ ಆಗುವಂಥದ್ದಲ್ಲ. ಆದರೂ ಹೆಜ್ಜೆಯ ಸದ್ದನ್ನು ನುಂಗುವ ಗುಣದ ಬೇರು ಆ ಮರದ ಹಾಲಿನಲ್ಲೇ ಉಂಟು.

ಹಾಗಂತ ಎಲ್ಲ ಕಡೆಗೂ ರಬ್ಬರ್ ಹಾಸಿ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಗೊಬ್ಬರದ ಗೋಡೌನಿಗೆ ಬೇಡವೇ ಬೇಡ. ಅದರ ಅಡಿಯಲ್ಲಿ ಇರುವುದು ಮಣ್ಣು, ಮಣ್ಣಿಗೆ ಕಿವಿ ಇಲ್ಲ. 45 ಕಿಲೋದ ಯೂರಿಯಾ ಚೀಲಗಳನ್ನು ಆಳೆತ್ತರ ಪೇರಿಸಿದರೆ ಮೆತ್ತನೆಯ ಹಾಸು ತಗ್ಗಿ ಹೋಗುತ್ತದೆ. ಅಲ್ಲಿಗೆ ಗಟ್ಟಿ ಕಾಂಕ್ರೀಟ್ ನೆಲವೇ ಸರಿ. ಎಣ್ಣೆ ಗಾಣಕ್ಕೂ ಸಹಜ ರಬ್ಬರು ಆಗದು, ಎಣ್ಣೆ ಕುಡಿದು ಉಬ್ಬುತ್ತದೆ. ಗ್ಯಾರೇಜಿನಲ್ಲೂ ಅದೇ ಕಥೆ, ಬೇಕೇ ಬೇಕಾದರೆ ನೈಟ್ರೈಲ್ ರಬ್ಬರಿನದು ಕೇಳಿ. ಬಿಸಿಲು ನೇರ ಬೀಳುವ ವರಾಂಡದಲ್ಲಿ ಸಹಜ ರಬ್ಬರು ಬಿರುಕು ಬಿಡುತ್ತದೆ. ಇನ್ನು ಬೊಟ್ಟುಬೊಟ್ಟಾಗಿ ಉಬ್ಬಿರುವ ರಬ್ಬರ್ ಹಾಸು ನೋಡಲು ಚಂದ, ಜಾರುವುದೂ ಇಲ್ಲ. ಆದರೆ ಆಟಿ ತಿಂಗಳಲ್ಲಿ ನಮ್ಮ ಸದಸ್ಯರ ಚಪ್ಪಲಿಯ ಕೆಂಪು ಮಣ್ಣು ಆ ಬೊಟ್ಟುಗಳ ನಡುವೆ ಕೂತರೆ ಗುಡಿಸುವವರ ಶಾಪ ನಿಮಗೇ. ಸಪಾಟಾದ, ಸ್ವಲ್ಪ ತರಿ ಇರುವ ಮೈಯದ್ದು ಸಾಕು.

ಹಾಗಾದರೆ ಎಲ್ಲಿಗೆ ಬೇಕು? ಕೆಳಗೆ ಜನ ಕೂತು ಕೆಲಸ ಮಾಡುವ ಪ್ರತಿ ಮೇಲ್ಮಹಡಿಗೂ ಬೇಕು. ಕೌಂಟರಿನ ಮೇಲಿನ ಸಭಾಭವನ, ಕ್ಲಿನಿಕ್ಕಿನ ಮೇಲಿನ ಜಿಮ್ಮು, ಅಂಗಡಿಯ ಮೇಲಿನ ಟ್ಯೂಷನ್ ಕ್ಲಾಸು. ಎಲ್ಲಕ್ಕಿಂತ ಮೊದಲು ಗೋಡೌನಿನೊಳಗೆ ಈಗ ಎಲ್ಲರೂ ಮಾಡಿಸುತ್ತಿರುವ ಕಬ್ಬಿಣದ ಅಟ್ಟ. ಐ-ಸೆಕ್ಷನ್ನಿನ ಮೇಲೆ ಸಿಮೆಂಟ್ ಬೋರ್ಡು ಕೂರಿಸಿ, ಅದರ ಮೇಲೆ ಟೈಲ್ಸ್ ಹಾಕಿ, ಅಲ್ಲಿ ಲೆಕ್ಕದವರನ್ನು ಕೂರಿಸುತ್ತೀರಿ. ತೂಕವೇ ಇಲ್ಲದ ಅಂಥ ನೆಲ ಮಾತನ್ನೂ ತಡೆಯುವುದಿಲ್ಲ, ಹೆಜ್ಜೆಯನ್ನೂ ತಡೆಯುವುದಿಲ್ಲ. ಒಬ್ಬ ನಡೆದರೆ ಕೆಳಗಿನವರಿಗೆ ಮೆರವಣಿಗೆ ಹೋದ ಹಾಗೆ. ನಮ್ಮ ಅಜ್ಜಂದಿರ ಮನೆಗಳ ಮುಚ್ಚಿಗೆ ನೆನಪಿದೆಯೋ? ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣಿನ ದಪ್ಪ ಪದರ. ಅಟ್ಟದಲ್ಲಿ ಅಡಿಕೆ ಮೂಟೆ ಹೊರಳಿಸಿದರೂ ಕೆಳಗೆ ಮಲಗಿದ ಮಗು ಏಳುತ್ತಿರಲಿಲ್ಲ. ಬೆಂಕಿಗೆ, ಸೆಕೆಗೆ ಎಂದು ಹಾಕಿದ ಆ ಮಣ್ಣು ತನ್ನ ತೂಕದಿಂದ ಸದ್ದನ್ನೂ ಕೊಲ್ಲುತ್ತಿತ್ತು. ಕಬ್ಬಿಣದ ಅಟ್ಟದವರಿಗೆ ಅದೇ ಸೂತ್ರ ಅನ್ವಯಿಸುತ್ತದೆ. ಮೊದಲು ತೂಕ, ಅಂದರೆ ಎರಡು ಪದರ ಬೋರ್ಡು ಅಥವಾ ತೆಳು ಕಾಂಕ್ರೀಟು. ಅದರ ಮೇಲೆ ಮೆತ್ತನೆಯ ಪದರ. ಕೊನೆಗೆ ಕಣ್ಣಿಗೆ ಕಾಣುವ ನೆಲ.

ಕಾರ್ಪೆಟ್ಟಿನ ವಿಷಯ ಬೇಗ ಮುಗಿಸುತ್ತೇನೆ. ಸದ್ದಿನ ಮಟ್ಟಿಗೆ ಅದಕ್ಕೆ ಸಮನಿಲ್ಲ. ಬೆಂಗಳೂರಿನ ಕಚೇರಿಗಳಿಗೆ ಒಗ್ಗುತ್ತದೆ. ನಾಲ್ಕು ತಿಂಗಳು ಬಿಡದೆ ಮಳೆ ಹೊಯ್ಯುವ, ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುವ ನಮ್ಮ ಊರಿಗೆ ಬೇಡ.

ಟೈಲ್ಸೇ ಬೇಕು ಎಂಬ ಹಟ ಇದ್ದರೆ ಅದಕ್ಕೂ ದಾರಿ ಉಂಟು. ಹಳೆ ಲಾರಿ ಟಯರನ್ನು ಪುಡಿ ಮಾಡಿ ಪಾಲಿಯುರಿಥೇನಿನಲ್ಲಿ ಅಂಟಿಸಿ ಮಾಡಿದ ಸುರುಳಿ ಹಾಸುಗಳು ಸಿಗುತ್ತವೆ. ಐದಾರು ಮಿಲಿಮೀಟರ್ ದಪ್ಪದ್ದನ್ನು ಸ್ಲ್ಯಾಬಿನ ಮೇಲೆ ಹಾಸಿ, ಮೇಲೆ ಎರಡು ಇಂಚಿನ ಕಾಂಕ್ರೀಟ್ ಪದರ ಹಾಕಿ, ಅದರ ಮೇಲೆ ನಿಮ್ಮ ಇಷ್ಟದ ಟೈಲ್ಸ್ ಕೂರಿಸಬಹುದು. ನೆಲ ಈಗ ಸ್ಲ್ಯಾಬಿಗೆ ಅಂಟಿಲ್ಲ, ರಬ್ಬರಿನ ಮೇಲೆ ತೇಲುತ್ತಿದೆ. ಹೊಳಪೂ ಉಳಿಯಿತು, ಸದ್ದೂ 15ರಿಂದ 20 ಡೆಸಿಬೆಲ್ ಇಳಿಯಿತು. ಯಕ್ಷಗಾನ, ಭರತನಾಟ್ಯ ತರಗತಿ ನಡೆಯುವ ಹಾಲ್ ಆದರೆ ನನ್ನ ಆಯ್ಕೆ ಇದೇ. ತೆಳು ರಬ್ಬರು ಚಪ್ಪಲಿಯ ಟಕ್ ಟಕ್ಕನ್ನು ಕೊಲ್ಲುತ್ತದೆ, ದಿಗಿಣದ ದೊಂ ಎಂಬ ತಗ್ಗಿನ ಸದ್ದನ್ನು ಅಷ್ಟಾಗಿ ಕೊಲ್ಲುವುದಿಲ್ಲ. ತಗ್ಗಿನ ಸದ್ದಿಗೆ ತೂಕವೂ ಬೇಕು, ಅಡಿಯಲ್ಲಿ ಹೆಚ್ಚು ದಪ್ಪದ ಮೆತ್ತೆಯೂ ಬೇಕು. ಕಂಪನಿಯವರು ಕೊಡುವ ಒಂದೇ ಅಂಕಿಯಲ್ಲಿ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಆ ಅಂಕಿಯ ಬಗ್ಗೆ ಇನ್ನೊಂದು ಮಾತು. ಡೀಲರು ತೋರಿಸುವ ಕರಪತ್ರದಲ್ಲಿ ಐಐಸಿ 60, 65 ಎಂದೆಲ್ಲ ದಪ್ಪ ಅಕ್ಷರದಲ್ಲಿ ಇರುತ್ತದೆ. ಪೆಟ್ಟಿನ ಸದ್ದನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಈ ಐಐಸಿ ಹೆಚ್ಚಾದಷ್ಟು ಒಳ್ಳೆಯದು. ಆದರೆ ಅದು ಹಾಸಿನ ಅಂಕಿ ಅಲ್ಲ, ಹಾಸು, ಸ್ಲ್ಯಾಬು, ಕೆಳಗಿನ ಸೀಲಿಂಗು ಎಲ್ಲ ಸೇರಿದ ಅಂಕಿ. ಪರೀಕ್ಷೆ ಮಾಡುವಾಗ ಕೆಳಗೆ ಜಿಪ್ಸಮ್ ಸೀಲಿಂಗ್ ತೂಗುಹಾಕಿದ್ದರೆ ಅಂಕಿ ಹತ್ತಕ್ಕೂ ಮಿಕ್ಕಿ ಏರಬಹುದು. ನಿಮ್ಮ ಕೌಂಟರಿನ ಮೇಲೆ ಸೀಲಿಂಗ್ ಇಲ್ಲದಿದ್ದರೆ ಆ ಅಂಕಿ ನಿಮ್ಮದಲ್ಲ. ಹಾಗಾಗಿ ಡೀಲರನ್ನು ಎರಡೇ ಪ್ರಶ್ನೆ ಕೇಳಿ. ಯಾವ ದಪ್ಪದ ಸ್ಲ್ಯಾಬಿನ ಮೇಲೆ ಪರೀಕ್ಷೆ ಮಾಡಿದ್ದು? ಕೆಳಗೆ ಸೀಲಿಂಗ್ ಇತ್ತೋ? ಬರಿ ಸ್ಲ್ಯಾಬಿಗಿಂತ ಈ ಹಾಸು ಎಷ್ಟು ಡೆಸಿಬೆಲ್ ಇಳಿಸಿತು ಎಂಬ ಅಂಕಿ ಕೊಟ್ಟರೆ ಎರಡು ಕಂಪನಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಬೆಂಕಿ ಪರೀಕ್ಷೆಯ ಸರ್ಟಿಫಿಕೇಟನ್ನೂ ಕೇಳಿ. ವಿನೈಲೂ ರಬ್ಬರೂ ಉರಿದರೆ ಬರುವ ಹೊಗೆ ಚಿಲ್ಲರೆಯದ್ದಲ್ಲ, ನೂರಾರು ಜನ ಸೇರುವ ಹಾಲ್‌ಗೆ ಇದನ್ನು ಬಿಟ್ಟು ಕೊಳ್ಳಬಾರದು.

ಈಗ ಕೆಲಸದ ಮಾತು. ಒಳ್ಳೆಯ ಹಾಸು ತಂದು ಕೆಟ್ಟದಾಗಿ ಹಾಕಿದರೆ ಟೈಲ್ಸೇ ವಾಸಿ ಎನಿಸುತ್ತದೆ. ತೇಲುವ ನೆಲದ ಪ್ರಾಣ ಇರುವುದು ಅಂಚಿನಲ್ಲಿ. ಗೋಡೆಯ ಸುತ್ತ ಎಂಟ್ಹತ್ತು ಮಿಲಿಮೀಟರ್ ದಪ್ಪದ ಫೋಮ್ ಪಟ್ಟಿ ನಿಲ್ಲಿಸಿ, ಆಮೇಲೆ ಕಾಂಕ್ರೀಟ್ ಹಾಕಬೇಕು. ನೆಲ ಗೋಡೆಯನ್ನು ಎಲ್ಲಿಯೂ ಮುಟ್ಟಬಾರದು. ನಮ್ಮ ಮೇಸ್ತ್ರಿಗಳು ಒಳ್ಳೆಯ ಕೆಲಸಗಾರರು, ಬಿಟ್ಟ ಜಾಗ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಸಂದು ಕಂಡಿತೋ, ಸಿಮೆಂಟ್ ಮೆತ್ತಿ ನುಣ್ಣಗೆ ಮಾಡಿಬಿಡುತ್ತಾರೆ. ಹಾಗೆ ಮುಚ್ಚಿದ ಒಂದು ಅಡಿ ಸಂದು ಸಾಕು, ಪೆಟ್ಟು ಅಲ್ಲಿಂದ ಗೋಡೆಗೆ ದಾಟಿ, ಗೋಡೆಯಿಂದ ಕೆಳಗಿಳಿಯುತ್ತದೆ. ಮತ್ತೆ ಸ್ಕರ್ಟಿಂಗ್. ಅದು ಗೋಡೆಗೆ ಅಂಟಿರಬೇಕು, ನೆಲಕ್ಕೆ ತಾಗಬಾರದು, ನಡುವಿನ ಗೆರೆಯನ್ನು ಸಿಲಿಕಾನಿನಿಂದ ಮುಚ್ಚಬೇಕು, ಬಿಳಿ ಸಿಮೆಂಟಿನಿಂದ ಅಲ್ಲ. ಹಾಸಿನ ಎರಡು ಸುರುಳಿಗಳ ನಡುವೆ ಟೇಪು ಹಚ್ಚದೆ ಇದ್ದರೆ ಸಿಮೆಂಟಿನ ಹಾಲು ಇಳಿದು ಗಟ್ಟಿಯಾಗಿ ಸ್ಲ್ಯಾಬನ್ನು ಹಿಡಿದುಕೊಳ್ಳುತ್ತದೆ. ಪ್ಲಂಬರು ಬಂದು ಪೈಪಿಗೆ ತೂತು ಮಾಡಿ ಸುತ್ತ ಗಾರೆ ತುಂಬಿದರೂ ಅಷ್ಟೇ. ಎಲೆಕ್ಟ್ರಿಷಿಯನ್ನು ಮೊಳೆ ಹೊಡೆದರೂ ಅಷ್ಟೇ. ಮಾರಾಯ್ರೆ, ಲಕ್ಷಾಂತರ ರೂಪಾಯಿಯ ಕೆಲಸ ಒಂದು ಬೊಗಸೆ ಗಾರೆಯಲ್ಲಿ ಹಾಳಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕೆಲಸದ ದಿನ ಮಂಡಳಿಯ ಒಬ್ಬರು ಪಕ್ಕದಲ್ಲಿ ನಿಂತಿರಿ, ಮೇಸ್ತ್ರಿಗೆ ಆ ಸಂದು ಯಾಕೆಂದು ಮೊದಲೇ ಬಿಡಿಸಿ ಹೇಳಿ. ಕಾರಣ ಗೊತ್ತಾದರೆ ಅವರಷ್ಟು ಜಾಗ್ರತೆ ಮಾಡುವವರು ಬೇರೆ ಇಲ್ಲ.

ಇದಕ್ಕೆಲ್ಲ ಎತ್ತರ ಬೇಕು. ಹಾಸು, ಕಾಂಕ್ರೀಟು, ಅಂಟು, ಟೈಲ್ಸು ಸೇರಿ ಮೂರು ಇಂಚಿನ ಹತ್ತಿರ ಹೋಗುತ್ತದೆ. ಸ್ಲ್ಯಾಬ್ ಹಾಕಿ, ಮೆಟ್ಟಿಲು ಕಟ್ಟಿ, ಬಾಗಿಲಿನ ದಾರಂದ ನಿಲ್ಲಿಸಿದ ಮೇಲೆ ನನ್ನ ಹತ್ತಿರ ಬಂದು ಸದ್ದು ಕಡಿಮೆ ಮಾಡಿಕೊಡಿ ಎಂದರೆ ಮೇಲಿನ ಕೊನೆಯ ಮೆಟ್ಟಿಲು ಎತ್ತರವಾಗಿ ಹಿರಿಯರು ಎಡವುತ್ತಾರೆ, ಬಾಗಿಲು ಕೆಳಗೆ ಕೊಯ್ಯಬೇಕಾಗುತ್ತದೆ. ಆಗ ಉಳಿಯುವುದು ನಾಲ್ಕೈದು ಮಿಲಿಮೀಟರಿನ ರಬ್ಬರು ಅಥವಾ ವಿನೈಲ್ ಹಾಸು ಮಾತ್ರ. ಅದೂ ಒಳ್ಳೆಯದೇ. ಆದರೆ ಆಯ್ಕೆ ನಿಮ್ಮ ಕೈತಪ್ಪಿತು.

ತೇವದ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮಲ್ಲಿ ಅಂಟಿಸಿದ ಹಾಸು ಏಳುವುದಕ್ಕೆ ನೂರಕ್ಕೆ ತೊಂಬತ್ತು ಪಾಲು ತೇವವೇ ಕಾರಣ ಎಂದು ನನ್ನ ಅಂದಾಜು. ಕಾಂಕ್ರೀಟು ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು ಹಿಡಿದುಕೊಂಡಿರುತ್ತದೆ. ಒಳ್ಳೆಯ ಬಿಸಿಲುಗಾಲದಲ್ಲಿ ಒಂದು ಮಿಲಿಮೀಟರ್ ಪದರಕ್ಕೆ ಒಂದು ದಿನ ಎಂಬುದು ಒರಟು ಲೆಕ್ಕ, ಅಂದರೆ ಎರಡು ಇಂಚಿಗೆ ಐವತ್ತು ದಿನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಲೆಕ್ಕವೇ ನಡೆಯುವುದಿಲ್ಲ. ಮೇಲೆ ನೀರು ಬಿಡದ ಹಾಸು ಅಂಟಿಸಿದರೆ ಒಳಗಿನ ಆವಿ ಹೊರಬರಲು ದಾರಿ ಹುಡುಕಿ ಗುಳ್ಳೆ ಎಬ್ಬಿಸುತ್ತದೆ, ಅಂಟು ಗೊಜ್ಜಾಗುತ್ತದೆ. ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ, ಒಂದು ದಿನ ಬಿಟ್ಟು ಎತ್ತಿ ನೋಡಿ. ಒಳಮೈಗೆ ಬೆವರು ಬಂದಿದ್ದರೆ, ಅಡಿಯ ನೆಲ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಉದ್ಘಾಟನೆಯ ಮುಹೂರ್ತ ಹತ್ತಿರ ಬಂತು ಎಂದು ಕಂಟ್ರಾಕ್ಟರನ್ನು ಅವಸರಪಡಿಸಬೇಡಿ. ದಸರಾ ಕಳೆದು ಶಿವರಾತ್ರಿಯೊಳಗೆ ಹಾಸುವ ಕೆಲಸ ಇಟ್ಟುಕೊಳ್ಳುವುದು ಕ್ಷೇಮ. ನೆಲಮಟ್ಟದ ಕೋಣೆಯಾದರೆ ಅಡಿಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಕದೆ ಕಾಂಕ್ರೀಟ್ ಸುರಿದಿದ್ದೀರೋ, ಆ ನೆಲ ಯಾವತ್ತೂ ಪೂರ್ತಿ ಒಣಗದು.

ಇನ್ನು ಫ್ಯಾಕ್ಟರಿಯವರು. ನಿಮ್ಮ ಹತ್ತಿರ ಕಟುವಾಗಿ ಮಾತಾಡಬೇಕಾಗಿದೆ. ಗೇರುಬೀಜ, ಹಾಳೆತಟ್ಟೆ, ಅಡಿಕೆ ಸುಲಿಯುವ ಯಂತ್ರ, ಮರದ ಮಿಲ್ಲು ಇಟ್ಟುಕೊಂಡವರು ನೆಲಕ್ಕೆ ರಬ್ಬರ್ ಹಾಕಿದರೆ ಒಳಗಿನ ಗದ್ದಲ ಇಳಿಯುತ್ತದೆ ಎಂದು ನಂಬಬೇಡಿ. ಯಂತ್ರದ ಅಬ್ಬರ ಗಾಳಿಯ ಸದ್ದು. ರಬ್ಬರು, ವಿನೈಲುಗಳಂಥ ಗಟ್ಟಿಮೈಯ ಹಾಸುಗಳು ಅದರಲ್ಲಿ ನೂರಕ್ಕೆ ಐದು ಪಾಲನ್ನೂ ಹೀರುವುದು ಕಷ್ಟ. ಯಾರಾದರೂ ಹಾಗೆ ಹೇಳಿ ಮಾರಿದರೆ ಅವರಿಗೆ ಒಂದೋ ಗೊತ್ತಿಲ್ಲ, ಇಲ್ಲವೇ ಚೆನ್ನಾಗಿ ಗೊತ್ತಿದೆ. ನಿಮ್ಮಲ್ಲಿ ರಬ್ಬರಿಗೆ ಎರಡೇ ಜಾಗ. ಒಂದು ಯಂತ್ರದ ಕಾಲಿನ ಅಡಿ. ಅಲುಗುವ ಯಂತ್ರವನ್ನು ಬೋಲ್ಟು ಹಾಕಿ ನೇರ ನೆಲಕ್ಕೆ ಬಿಗಿದರೆ ಇಡೀ ಕಟ್ಟಡ ಅದರೊಂದಿಗೆ ಗುನುಗುತ್ತದೆ. ಯಂತ್ರದ ತೂಕ, ತಿರುಗುವ ವೇಗ ನೋಡಿ ಆರಿಸಿದ ಪ್ಯಾಡು ಅಥವಾ ಸ್ಪ್ರಿಂಗು ಕೊಟ್ಟರೆ ಪಕ್ಕದ ಮನೆಯ ಪಾತ್ರೆ ಗಲಗಲ ಎನ್ನುವುದು ನಿಲ್ಲುತ್ತದೆ. ಹಳೆ ಟಯರಿನ ತುಂಡು ಇಡುವುದು ನಮ್ಮ ಪದ್ಧತಿ. ತೂಕಕ್ಕೆ ತಕ್ಕ ಮೆತ್ತೆ ಅಲ್ಲದಿದ್ದರೆ ಕೆಲವೊಮ್ಮೆ ನಡುಕ ಹೆಚ್ಚುವುದೂ ಉಂಟು. ಇನ್ನೊಂದು ಜಾಗ, ದಿನವಿಡೀ ನಿಂತು ಕೆಲಸ ಮಾಡುವ ಹೆಂಗಸರ ಕಾಲಡಿ. ಅಲ್ಲಿ ದಪ್ಪ ರಬ್ಬರ್ ಮ್ಯಾಟು ಹಾಕಿ, ಸದ್ದಿಗಾಗಿ ಅಲ್ಲ, ಮೊಣಕಾಲಿಗಾಗಿ.

ಗಾಳಿಯ ಅಬ್ಬರಕ್ಕೆ ಮದ್ದು ಬೇರೆ. ಯಂತ್ರಕ್ಕೆ ಗೂಡು ಕಟ್ಟಬೇಕು, ತಗಡಿನ ಮಾಡಿನ ಒಳಮೈಗೆ ಹೀರುವ ಪದರ ಕೊಡಬೇಕು, ಅಷ್ಟಾದರೂ ಸಾಲದಿದ್ದರೆ ಕಿವಿಗೆ ಮಫ್ ಕೊಡಬೇಕು. ಫ್ಯಾಕ್ಟರಿ ನಿಯಮದ ಲೆಕ್ಕದಲ್ಲಿ ಎಂಟು ಗಂಟೆಗೆ 90 ಡೆಸಿಬೆಲ್ ಮಿತಿ. 95ಕ್ಕೆ ಏರಿದರೆ ನಾಲ್ಕೇ ಗಂಟೆ, 100ಕ್ಕೆ ಎರಡು. ಗದ್ದಲದಿಂದ ಕಿವಿ ಹೋಗುವುದನ್ನು 1948ರ ಫ್ಯಾಕ್ಟರಿ ಕಾಯಿದೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿತ್ತು. ಬೇಲಿಯಾಚೆಗೂ ಲೆಕ್ಕ ಉಂಟು. 2000ದ ಶಬ್ದ ಮಾಲಿನ್ಯ ನಿಯಮದಂತೆ ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರ ಬಳಿಕ 45, ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ನಮ್ಮ ಊರಿನಲ್ಲಿ ಫ್ಯಾಕ್ಟರಿ ಯಾವುದು, ತೋಟದ ಮನೆ ಯಾವುದು ಎಂದು ಬೇಲಿ ನೋಡಿ ಹೇಳುವುದೇ ಕಷ್ಟ. ರಾತ್ರಿ ಪಾಳಿ ನಡೆಸುವ ಮೊದಲು ಪಕ್ಕದ ಮನೆಯವರ ಅಂಗಳದಲ್ಲಿ ಒಮ್ಮೆ ನಿಂತು ಕೇಳಿ.

ಹಣ ಇಲ್ಲ, ಕಟ್ಟಡ ಕಟ್ಟಿ ಆಗಿದೆ, ಈಗ ಎಂತ ಮಾಡುವುದು ಎಂದು ಕೇಳುವವರೇ ಹೆಚ್ಚು. ನೆಲ ಮುಟ್ಟುವ ಮೊದಲು ನೆಲದ ಮೇಲೆ ಎಳೆಯುವ ವಸ್ತುಗಳನ್ನು ನೋಡಿ. ಸಭಾಭವನದ ಕಬ್ಬಿಣದ ಕುರ್ಚಿಗಳ ಕಾಲಿಗೆ ಹಾಕಿದ್ದ ಬುಷ್ಷು ಮೊದಲ ವರ್ಷವೇ ಉದುರಿರುತ್ತದೆ, ಮತ್ತೆ ಹಾಕಿದವರಿಲ್ಲ. ಸಾಮಾನು ತಳ್ಳುವ ಟ್ರಾಲಿಗೆ ಕಬ್ಬಿಣದ ಚಕ್ರ, ಬಾಗಿಲಿಗೆ ತಡೆ ಇಲ್ಲ, ಷಟರಿಗೆ ಗ್ರೀಸ್ ಇಲ್ಲ. ಕುರ್ಚಿಗೆ ರಬ್ಬರ್ ಬುಷ್ಷು, ಟ್ರಾಲಿಗೆ ಪಾಲಿಯುರಿಥೇನ್ ಚಕ್ರ, ಮೆಟ್ಟಿಲಿನಿಂದ ಹಾಲ್‌ಗೆ ಹೋಗುವ ನಡುದಾರಿಗೆ ಮಾತ್ರ ಒಂದು ಪಟ್ಟಿ ರಬ್ಬರ್ ಹಾಸು. ಇಷ್ಟು ಮಾಡಿ ಒಂದು ತಿಂಗಳು ಬಿಟ್ಟು ಕೆಳಗಿನ ಕೌಂಟರಿನವರನ್ನು ಕೇಳಿ. ಅವರು ಸಾಕು ಎಂದರೆ ಅಲ್ಲಿಗೇ ನಿಲ್ಲಿಸಿ, ನನ್ನಂಥವರಿಗೆ ಫೋನ್ ಮಾಡುವ ಅಗತ್ಯವೂ ಇಲ್ಲ.

ಕೊನೆಗೆ ಒಂದು ಕೋರಿಕೆ, ಇದು ಸಹಕಾರಿಗಳಿಗೆ ಮಾತ್ರ. ಮೊಳಹಳ್ಳಿ ಶಿವರಾಯರು ಸಹಕಾರ ಕಟ್ಟಿದ ನೆಲ ನಮ್ಮದು. ಕೋಕೋ ಬೆಳೆದವರಿಗೆ ಬೀಜ ಕೊಳ್ಳುವವರೇ ಇಲ್ಲ ಎಂಬ ಸ್ಥಿತಿ ಬಂದಾಗ ಅಡಿಕೆಯವರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಕೊಳ್ಳಲು ಮುಂದೆ ಬಂತು. ಕೊಂಡು ಸುಮ್ಮನಾಗದೆ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ರಬ್ಬರಿಗೆ ರೇಟು ಬಿದ್ದಾಗಲೆಲ್ಲ ನಾವು ಶೀಟನ್ನು ಕಟ್ಟಿಟ್ಟು ಕಾಯುತ್ತೇವೆ, ಹೆಚ್ಚೆಂದರೆ ಟ್ಯಾಪಿಂಗ್ ನಿಲ್ಲಿಸುತ್ತೇವೆ. ದೊಡ್ಡ ಮಟ್ಟದಲ್ಲಿ ನೆಲಹಾಸು ತಯಾರಿಸುವ ಕಾರ್ಖಾನೆ ನಾಳೆ ಬೆಳಗ್ಗೆ ಆಗುವ ಮಾತಲ್ಲ, ಅದಕ್ಕೆ ಬೇಕಾದ ಬಂಡವಾಳ, ಮಿಶ್ರಣದ ಜ್ಞಾನ, ಪರೀಕ್ಷೆಯ ಸರ್ಟಿಫಿಕೇಟು ಯಾವುದೂ ಸಣ್ಣದಲ್ಲ. ಆದರೆ ಕುರ್ಚಿಯ ಬುಷ್ಷು, ಯಂತ್ರದ ಪ್ಯಾಡು, ನಿಂತು ಕೆಲಸ ಮಾಡುವವರ ಮ್ಯಾಟು? ಇವುಗಳಿಗೆ ಬೇಕಾಗುವುದು ರಬ್ಬರಿಗೆ ಗಂಧಕ, ಕಾರ್ಬನ್ ಬೆರೆಸುವ ಮಿಲ್ಲು, ಅಚ್ಚು, ಬಿಸಿ ಪ್ರೆಸ್ಸು. ಹಾಳೆತಟ್ಟೆಯ ಪ್ರೆಸ್ಸು ನಡೆಸಲು ಕಲಿತ ಊರಿಗೆ ಇದು ತೀರಾ ಅಪರಿಚಿತ ಕೆಲಸವಲ್ಲ. ಕೊಳ್ಳುವವರು ಯಾರು ಎಂದು ಕೇಳುತ್ತೀರಾದರೆ, ಮೂರು ತಾಲೂಕುಗಳ ಸಂಘಗಳ ಸಭಾಭವನಗಳಲ್ಲಿ, ಶಾಲೆಗಳಲ್ಲಿ, ದೇವಸ್ಥಾನದ ಹಾಲ್‌ಗಳಲ್ಲಿ ಇರುವ ಕುರ್ಚಿಗಳ ಕಾಲುಗಳನ್ನು ಒಮ್ಮೆ ಎಣಿಸಿ ನೋಡಿ. ಕೊಟ್ಟಾಯಂನ ರಬ್ಬರ್ ಮಂಡಳಿಯವರ ತರಬೇತಿಗೆ ನಾಲ್ಕು ಹುಡುಗರನ್ನು ಕಳಿಸಲು ಒಂದು ಠರಾವು ಸಾಕು.

ಈ ವರ್ಷದ ಮಹಾಸಭೆಗೆ ಹೊಸ ಕಟ್ಟಡದ ಎಸ್ಟಿಮೇಟ್ ಇಡುವವರು ಟೈಲ್ಸಿನ ಸಾಲಿನ ಮೇಲೆ ಇನ್ನೊಂದು ಸಾಲು ಬರೆಯಿಸಿ: "ಮೇಲ್ಮಹಡಿಯ ನೆಲದ ಅಡಿಗೆ ಶಬ್ದ ತಡೆಯುವ ಪದರ, ಅದಕ್ಕಾಗಿ ಬಿಡಬೇಕಾದ ಎತ್ತರ 75 ಮಿ.ಮೀ." ಇಂಜಿನಿಯರು ಇದೆಂತಕ್ಕೆ ಎಂದು ಕೇಳಿದರೆ ಅವರನ್ನು ಹಳೆ ಕಟ್ಟಡದ ಕೆಳಗಿನ ಕೌಂಟರಿನಲ್ಲಿ ಒಂದು ಗಂಟೆ ಕೂರಿಸಿ, ಮೇಲೆ ಮಹಿಳಾ ಸಂಘದ ಸಭೆ ಇರುವ ದಿನ ನೋಡಿಕೊಂಡು.

ಇತಿ,
ನಿಮ್ಮವ,
ಆಲೆಟ್ಟಿ